ಮೂವತ್ತೆಂಟನೆಯ ಉತ್ತರ

ನಾನು ಹೈಸ್ಕೂಲಿನಲ್ಲಿ ಹೇಳಿಕೊಡುವುದು ಇತಿಹಾಸ. ಆದರೆ ಕನ್ನಡದ ಮೇಷ್ಟ್ರು ರಜೆ ಹಾಕಿದ ದಿನ ಅವರ ತರಗತಿಯೂ ನನ್ನ ತಲೆಗೇ ಬೀಳುತ್ತದೆ. ಅಂಥ ದಿನ ನಾನು ಮಾಡುವ ಸುಲಭದ ಕೆಲಸವೆಂದರೆ ಕಪ್ಪುಹಲಗೆಯ ಮೇಲೆ ಒಂದು ವಿಷಯ ಬರೆದು, "ಇದರ ಮೇಲೆ ಒಂದು ಪುಟ ಪ್ರಬಂಧ ಬರೆಯಿರಿ" ಎಂದು ಹೇಳಿ ಕುರ್ಚಿಯಲ್ಲಿ ಕೂರುವುದು. ಐವತ್ತು ಮಕ್ಕಳು, ಒಂದೇ ವಿಷಯ. ನಲವತ್ತು ಪ್ರಬಂಧಗಳಾದರೂ ಒಂದನ್ನು ನೋಡಿ ಇನ್ನೊಂದನ್ನು ಬರೆದ ಹಾಗೆಯೇ ಇರುತ್ತವೆ. ತಿದ್ದುವುದು ಬೇಗ ಮುಗಿಯುತ್ತದೆ.

ಇದೇ ಕೆಲಸವನ್ನು 1819ರಲ್ಲಿ ವಿಯೆನ್ನಾ ನಗರದ ಪ್ರಕಾಶಕನೊಬ್ಬ ದೊಡ್ಡ ಪ್ರಮಾಣದಲ್ಲಿ ಮಾಡಿದ. ಅವನ ಹೆಸರು ಆಂಟನ್ ಡಿಯಬೆಲ್ಲಿ. 1781ರಲ್ಲಿ ಸಾಲ್ಜ್‌ಬರ್ಗ್ ಹತ್ತಿರದ ಊರೊಂದರಲ್ಲಿ ಹುಟ್ಟಿದವನು. ಪಾದ್ರಿಯಾಗಲೆಂದು ಮಠ ಸೇರಿದ್ದ. 1803ರಲ್ಲಿ ಆ ಮಠವೇ ಮುಚ್ಚಿಹೋದಾಗ ವಿಯೆನ್ನಾಕ್ಕೆ ಬಂದು ಪಿಯಾನೋ, ಗಿಟಾರ್ ಪಾಠ ಹೇಳಿ ಹೊಟ್ಟೆ ಹೊರೆದ. 1818ರಲ್ಲಿ ಕಾಪಿ ಎಂಬುವನ ಜೊತೆ ಸೇರಿ ಸಂಗೀತದ ಪುಸ್ತಕಗಳನ್ನು ಅಚ್ಚುಹಾಕುವ ಅಂಗಡಿ ತೆರೆದ. ಹೊಸ ಅಂಗಡಿಗೆ ಹೆಸರು ಬರಬೇಕಲ್ಲ? ತಾನೇ ಒಂದು ಪುಟ್ಟ ವಾಲ್ಟ್ಸ್ ನೃತ್ಯದ ಮಟ್ಟನ್ನು ಕಟ್ಟಿ, ಆಸ್ಟ್ರಿಯಾ ಸಾಮ್ರಾಜ್ಯದ ಹೆಸರುವಾಸಿ ಸಂಗೀತಗಾರರಿಗೆಲ್ಲ ಕಳುಹಿಸಿದ. ಈ ಮಟ್ಟಿನ ಮೇಲೆ ಪಿಯಾನೋಗಾಗಿ ಪ್ರತಿಯೊಬ್ಬರೂ ಒಂದೊಂದು ಮಾರ್ಪಾಟು ರಚಿಸಿ ಕೊಡಬೇಕು, ಎಲ್ಲವನ್ನೂ ಸೇರಿಸಿ ಅಚ್ಚು ಹಾಕುತ್ತೇನೆ ಎಂಬುದು ಅವನ ಕೋರಿಕೆ. ಅದನ್ನು ಪಂಥವೆನ್ನಿ, ಪ್ರಬಂಧದ ವಿಷಯವೆನ್ನಿ, ವ್ಯಾಪಾರದ ಉಪಾಯವೆನ್ನಿ; ಮೂರೂ ಸರಿಯೇ.

ಆ ಮಟ್ಟು ಅಂಥ ಘನವಾದದ್ದೇನಲ್ಲ. ಮೂರೆಣಿಕೆಯ ಮೂವತ್ತೆರಡು ಆವರ್ತ, ಸಮನಾದ ಎರಡು ಭಾಗ. ಒಂದೇ ಸ್ವರಗುಚ್ಛವನ್ನು ಮತ್ತೆ ಮತ್ತೆ ಬಡಿಯುತ್ತ ಕುಣಿಯುವ ಲವಲವಿಕೆಯ ಗತ್ತು. ಮದುವೆ ಮನೆಯಲ್ಲಿ ಬಂದವರನ್ನೆಲ್ಲ ನಗುನಗುತ್ತ ಒಳಗೆ ಕರೆಯುವ ಸೋದರಮಾವನ ಹಾಗೆ.

ಈ ಕಥೆಯಲ್ಲಿ ಎಲ್ಲರೂ ನೆನೆಯುವುದು ಬೀಥೋವನ್‌ನನ್ನು. ಒಂದು ಕೇಳಿದ್ದಕ್ಕೆ ಅವನು ಮೂವತ್ತಮೂರು ಬರೆದ. 1819ರಲ್ಲೇ ತೊಡಗಿ, ನಡುವೆ ಒಂದು ದೊಡ್ಡ ಆರಾಧನಾ ಸಂಗೀತದ ರಚನೆಗಾಗಿ ಬದಿಗಿಟ್ಟು, 1823ರಲ್ಲಿ ಮುಗಿಸಿದ. ನುಡಿಸಲು ಸುಮಾರು ಒಂದು ಗಂಟೆ ಬೇಕು. ಮೊದಮೊದಲು ಆ ಮಟ್ಟನ್ನು ಅವನು ಚಮ್ಮಾರನ ತೇಪೆಯೆಂದು ಹೀಗಳೆದಿದ್ದ ಎಂಬ ಕಥೆಯನ್ನು ಅವನ ಸಹಾಯಕನಾಗಿದ್ದ ಶಿಂಡ್ಲರ್ ಹೇಳಿದ್ದಾನೆ. ಕಿವುಡನಾದ ಬೀಥೋವನ್ ಜನರೊಡನೆ ಮಾತಾಡಲು ಇಟ್ಟುಕೊಂಡಿದ್ದ ಪುಸ್ತಕಗಳಲ್ಲಿ ಈ ಶಿಂಡ್ಲರ್, ಬೀಥೋವನ್ ತೀರಿಕೊಂಡ ಮೇಲೆ ತಾನೇ ಸಾಲುಗಳನ್ನು ತುರುಕಿದ್ದ ಎಂಬುದು 1970ರ ದಶಕದಲ್ಲಿ ಬೆಳಕಿಗೆ ಬಂತು. ಹಾಗಾಗಿ ಈಗ ಅವನ ಸಾಕ್ಷ್ಯವನ್ನು ಯಾರೂ ಕಣ್ಣುಮುಚ್ಚಿ ಒಪ್ಪುವುದಿಲ್ಲ. ರುಚಿಯಾದ ಕಥೆಗಳನ್ನು ಎರಡು ಸಲ ಅಲ್ಲಾಡಿಸಿ ನೋಡಬೇಕೆಂದು ನಾನೂ ಮಕ್ಕಳಿಗೆ ಹೇಳುತ್ತಿರುತ್ತೇನೆ. ಹೇಳುವುದು ಸುಲಭ.

ಬೀಥೋವನ್‌ನದು 1823ರಲ್ಲಿ ಬೇರೆ ಸಂಪುಟವಾಗಿಯೇ ಬಂತು. ಉಳಿದ ಐವತ್ತು ಜನರ ಒಂದೊಂದು ಉತ್ತರ ಸೇರಿ ಎರಡನೆಯ ಸಂಪುಟವಾಯಿತು. ನನ್ನ ಕುತೂಹಲವಿರುವುದು ಈ ಐವತ್ತರಲ್ಲಿ. ಮೊಜಾರ್ಟನ ಮಗನಿದ್ದಾನೆ. ಚಕ್ರವರ್ತಿಯ ತಮ್ಮ, ಬೀಥೋವನ್‌ನ ಶಿಷ್ಯ ರುಡಾಲ್ಫ್ ಇದ್ದಾನೆ. ರಾಜಮನೆತನದವನು ಅಂಗಡಿಯ ಪುಸ್ತಕದಲ್ಲಿ ಹೆಸರು ಹಾಕಿಸಬಾರದೆಂದೋ ಏನೋ, ಬರಿಯ ಮೂರು ಅಕ್ಷರಗಳ ಹಿಂದೆ ಅಡಗಿದ್ದಾನೆ. ಹಂಗೆರಿಯಲ್ಲಿ ಹುಟ್ಟಿದ ಹನ್ನೊಂದು ವರ್ಷದ ಬಾಲಕ ಎಂದು ಅಚ್ಚಾದ ಲಿಸ್ಟ್ ಇದ್ದಾನೆ. ಡಿಯಬೆಲ್ಲಿ ಯಾರಿಗೂ ಮೇಲುಪಂಕ್ತಿ ಹಾಕಲಿಲ್ಲ. ಹಾಜರಿ ಪುಸ್ತಕದಂತೆ ಅಕ್ಷರಾನುಕ್ರಮದಲ್ಲಿ ಕೂರಿಸಿದ. ಆ ಸಾಲಿನಲ್ಲಿ ಮೂವತ್ತೆಂಟನೆಯವನು ಫ್ರಾಂಟ್ಸ್ ಶೂಬರ್ಟ್.

ಅವನ ಮೇಲೆ ನನಗೊಂದು ವೃತ್ತಿಯ ಅಕ್ಕರೆಯಿದೆ. 1797ರಲ್ಲಿ ಹುಟ್ಟಿದ ಈ ಹುಡುಗ ಅಪ್ಪನ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರಾಗಿದ್ದ. ಹಾಗೆ ಕಲಿಸುತ್ತಿದ್ದ 1815ರ ಒಂದೇ ವರ್ಷದಲ್ಲಿ ನೂರ ನಲವತ್ತಕ್ಕೂ ಹೆಚ್ಚು ಹಾಡುಗಳಿಗೆ ಸಂಗೀತ ಹಾಕಿದ. 1818ರಲ್ಲಿ ಆ ಕೆಲಸ ಬಿಟ್ಟವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಡಿಯಬೆಲ್ಲಿಗೆ ಅವನು ಕೊಟ್ಟ ಹಾಳೆಯ ಮೇಲೆ 1821ರ ಮಾರ್ಚ್ ಎಂಬ ತಾರೀಖಿದೆ.

ನುಡಿಸಿದರೆ ಎರಡು ನಿಮಿಷವೂ ಹಿಡಿಯದ ತುಣುಕು. ನಾನು ಪಿಯಾನೋ ಬಲ್ಲವಳಲ್ಲ. ಚಿಕ್ಕಂದಿನಲ್ಲಿ ನಾಲ್ಕು ವರ್ಷ ವೀಣೆ ಕಲಿತವಳು. ಆ ಅಳತೆಯಿಂದಲೇ ಹೇಳುತ್ತೇನೆ. ಡಿಯಬೆಲ್ಲಿಯ ಮಟ್ಟು ಅವರ 'ಮೇಜರ್' ಶ್ರೇಣಿಯಲ್ಲಿದೆ. ಆ ಸ್ವರಗಳು ನಮ್ಮ ಶಂಕರಾಭರಣದ ಸ್ವರಗಳೇ. ಶೂಬರ್ಟ್ ಅದೇ ಷಡ್ಜದಲ್ಲಿ ನಿಂತು 'ಮೈನರ್' ಶ್ರೇಣಿಗೆ ತಿರುಗಿದ. ಶಂಕರಾಭರಣದ ಗಾಂಧಾರವನ್ನೂ ಧೈವತವನ್ನೂ ಒಂದೊಂದು ಮೆಟ್ಟಿಲು ಇಳಿಸಿದರೆ ಕೀರವಾಣಿಯ ಸ್ವರಗಳಾಗುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ರಾಗವೆಂದರೆ ಬರೀ ಸ್ವರಗಳಲ್ಲ, ಗೊತ್ತು. ಆದರೂ ಆ ಇಳಿತ ಏನು ಮಾಡುತ್ತದೆಂಬುದು ಕೇಳಿದವರಿಗೆ ತಿಳಿಯುತ್ತದೆ. ಮೂರೆಣಿಕೆ ಹಾಗೆಯೇ ಇದೆ, ವಾಲ್ಟ್ಸ್ ವಾಲ್ಟ್ಸಾಗಿಯೇ ಇದೆ. ಕುಣಿಯುವವರು ಮಾತ್ರ ಹೊರಟುಹೋಗಿದ್ದಾರೆ. ಖಾಲಿ ಹಜಾರದಲ್ಲಿ ಯಾರೋ ಒಬ್ಬರು ತಮ್ಮ ಪಾಡಿಗೆ ಹೆಜ್ಜೆ ಹಾಕುತ್ತಿದ್ದಾರೆ. ನಗುವ ವಿಷಯ ಕೊಟ್ಟವನಿಗೆ, ವಿಷಯ ಬಿಡದೆ, ವಿಷಾದವನ್ನು ಬರೆದುಕೊಟ್ಟಿದ್ದಾನೆ.

ಯಾಕೆ ಹಾಗೆ ಬರೆದ? ನಮ್ಮ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ. ಶೂಬರ್ಟ್ ಎಂದರೆ ಬಡತನ, ಕಾಯಿಲೆ, ಮೂವತ್ತೊಂದನೆಯ ವಯಸ್ಸಿಗೇ 1828ರಲ್ಲಿ ಸಾವು. ಪಾಪ, ದುಃಖದಲ್ಲಿದ್ದ, ದುಃಖ ಬರೆದ. ಆದರೆ ತಾರೀಖುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಈ ಉತ್ತರ ನಿಲ್ಲುವುದಿಲ್ಲ. ಅವನನ್ನು ಹಣ್ಣುಮಾಡಿದ ಕಾಯಿಲೆ ಶುರುವಾದದ್ದು 1822ರ ಕೊನೆಯಲ್ಲಿ. ಈ ಹಾಳೆ ಅದಕ್ಕಿಂತ ಹಿಂದಿನದು. ಅಷ್ಟೇ ಅಲ್ಲ, ಅದೇ 1821ರ ಮಾರ್ಚ್ 7ರಂದು ವಿಯೆನ್ನಾದ ದೊಡ್ಡ ನಾಟಕಶಾಲೆಯಲ್ಲಿ ಫೋಗ್ಲ್ ಎಂಬ ಪ್ರಸಿದ್ಧ ಗಾಯಕ ಶೂಬರ್ಟನ 'ಏರ್ಲ್‌ಕೋನಿಗ್' ಹಾಡಿ ಸಭೆಯನ್ನು ಗೆದ್ದಿದ್ದ. ಗಯಟೆಯ ಕವಿತೆಗೆ ಹದಿನೆಂಟನೆಯ ವಯಸ್ಸಿನಲ್ಲಿ ಶೂಬರ್ಟ್ ಹಾಕಿದ ಸಂಗೀತ ಅದು. ಮುಂದಿನ ತಿಂಗಳೇ ಅದು ಅವನ ಕೃತಿಸಂಖ್ಯೆ ಒಂದಾಗಿ, ಗೆಳೆಯರು ಕೂಡಿಸಿದ ಹಣದಿಂದ, ಇದೇ ಡಿಯಬೆಲ್ಲಿಯ ಅಂಗಡಿಯಿಂದ ಹೊರಬಂತು. ಅಂದರೆ ಬಾಳಿನಲ್ಲಿ ಮೊದಲ ಸಲ ಊರೆಲ್ಲ ಅವನ ಹೆಸರು ಆಡಿದ ತಿಂಗಳಲ್ಲೇ ಅವನು ಕೂತು ಈ ಮಂಕುಬೆಳಕಿನ ವಾಲ್ಟ್ಸ್ ಬರೆದಿದ್ದಾನೆ.

ಹಾಗಾದರೆ ಹಿಂದಿನ ವರ್ಷದ ಘಟನೆಯೋ? 1820ರ ಮಾರ್ಚಿನಲ್ಲಿ ಅವನ ಗೆಳೆಯ ಕವಿ ಸೆನ್ ಎಂಬುವನ ಕೋಣೆಗೆ ಪೊಲೀಸರು ನುಗ್ಗಿದ್ದರು. ಮೆಟರ್ನಿಕ್‌ನ ಕಾಲ, ನಾಲ್ಕು ಹುಡುಗರು ಒಂದೆಡೆ ಕೂತರೂ ಸರ್ಕಾರಕ್ಕೆ ಅನುಮಾನ. ಅಲ್ಲೇ ಇದ್ದ ಶೂಬರ್ಟನನ್ನು ಗದರಿಸಿ ಬಿಟ್ಟರು. ಸೆನ್ ಮಾತ್ರ ಒಂದು ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದು, ವಿಯೆನ್ನಾದಿಂದಲೇ ಗಡೀಪಾರಾದ. ಈ ಹಾಳೆ ಬರೆಯುವಾಗ ಆ ಗೆಳೆಯ ಇನ್ನೂ ಸೆರೆಯಲ್ಲಿದ್ದ ಎಂಬುದು ನಿಜ. ಆದರೆ ಅದಕ್ಕೂ ಇದಕ್ಕೂ ದಾರ ಕಟ್ಟಲು ನಮ್ಮಲ್ಲಿ ಒಂದು ಚೀಟಿಯ ಆಧಾರವೂ ಇಲ್ಲ. ದಾರ ಕಟ್ಟಿದರೆ ನಾನೂ ಶಿಂಡ್ಲರನೇ ಆಗುತ್ತೇನೆ.

ಹೀಗೆ ಮಾಡದೆ ಉಳಿಯುವುದು ಎಷ್ಟು ಕಷ್ಟವೆಂದು ನನಗೆ ಸ್ವಂತ ಅನುಭವದಿಂದ ಗೊತ್ತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ 'ನಮ್ಮೂರ ಜಾತ್ರೆ' ಎಂಬ ವಿಷಯ ಕೊಟ್ಟಿದ್ದೆ. ಎಲ್ಲರೂ ತೇರು, ಬೆಂಡು-ಬತ್ತಾಸು, ತೊಟ್ಟಿಲು, ಬಳೆ ಅಂಗಡಿ ಎಂದು ಬರೆದರು. ಒಬ್ಬಳು ಮಾತ್ರ ಜಾತ್ರೆಯ ಮರುದಿನವನ್ನು ಬರೆದಿದ್ದಳು. ಅಂಗಡಿಯ ಗಳ ಕಿತ್ತ ಗುಳಿಗಳು, ತೇರಿನ ಗಾಲಿ ಮಣ್ಣಿನಲ್ಲಿ ಬಿಟ್ಟ ಗುರುತು, ದವನ ಚುಚ್ಚಿದ ಬಾಳೆಹಣ್ಣಿನ ಮೇಲೆ ನೊಣ, ಬತ್ತಾಸಿನ ಚೂರಿಗೆ ಸಾಲುಗಟ್ಟಿದ ಇರುವೆ. ಪುಟದಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ. ಓದಿ ನನಗೆ ಗಾಬರಿಯಾಯಿತು. 'ವಿಷಯಾಂತರ' ಎಂದು ಕೆಂಪು ಶಾಯಿಯಲ್ಲಿ ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ. ಅಷ್ಟಕ್ಕೇ ಬಿಡದೆ ತಾಯಿಯನ್ನು ಕರೆಸಿದೆ.

"ಮನೇಲಿ ಏನಾದ್ರೂ ತೊಂದ್ರೆ ಇದೆಯೇನಮ್ಮ? ಅವರಪ್ಪ ಕುಡೀತಾರಾ?" ಎಂದು, ಹುಡುಗಿ ಅಲ್ಲೇ ನಿಂತಿದ್ದಾಗಲೇ ಕೇಳಿದೆ.

ಆಕೆ ಸೆರಗು ಸರಿಮಾಡಿಕೊಂಡು, "ಅಂಥದ್ದೇನೂ ಇಲ್ಲ ಮಿಸ್. ಅವಳು ಮೊದಲಿನಿಂದಲೂ ಹಂಗೇ, ನೋಡಿದ್ದನ್ನೇ ನೋಡ್ತಾ ನಿಂತ್ಬಿಡ್ತಾಳೆ" ಎಂದಳು. ಹುಡುಗಿ ತಲೆ ತಗ್ಗಿಸಿ, "ಜಾತ್ರೆ ಮುಗಿದ್ಮೇಲೆ ಹಂಗೇ ಇರ್ತದಲ್ಲ ಮಿಸ್" ಎಂದಳು. ನಾನು ಒಪ್ಪಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಕೊಂಡೆ.

ಅವಳು ವಿಷಯ ಬಿಟ್ಟಿರಲಿಲ್ಲವೆಂದು ಈಗ ಕಾಣುತ್ತದೆ. ಅದೇ ತೇರು, ಅದೇ ಬತ್ತಾಸು. ಎರಡು ಸ್ವರವನ್ನು ಒಂದೊಂದು ಮೆಟ್ಟಿಲು ಇಳಿಸಿದ್ದಳು, ಅಷ್ಟೇ. ದುಃಖವಿದ್ದವರು ಮಾತ್ರ ಹಾಗೆ ಇಳಿಸುತ್ತಾರೆಂದು ನಾನು ತಿಳಿದದ್ದು ತಪ್ಪು. ಕೈಯಲ್ಲಿ ಕಸುಬಿದ್ದವರೂ ಇಳಿಸುತ್ತಾರೆ, ಹಾಗೆ ಇಳಿಸಿದರೆ ಏನು ಕಾಣುತ್ತದೆಂದು ನೋಡುವುದಕ್ಕೆ. ವಿಷಾದದ ಪುಟ ಬರೆದವರನ್ನೆಲ್ಲ ಕಟಕಟೆಗೆ ಕರೆದು ಮನೆಯ ವರದಿ ಕೇಳುವುದು ಓದಲ್ಲ, ವಿಚಾರಣೆ. ವಿಯೆನ್ನಾದ ಪೊಲೀಸರೂ ಅದನ್ನೇ ಮಾಡುತ್ತಿದ್ದರು.

ಡಿಯಬೆಲ್ಲಿ ನಷ್ಟ ಮಾಡಿಕೊಳ್ಳುವ ಮನುಷ್ಯನಲ್ಲ. ಶೂಬರ್ಟ್ ಸತ್ತ ಮೇಲೆ ಅವನ ಹಸ್ತಪ್ರತಿಗಳ ರಾಶಿಯನ್ನೇ ಅಣ್ಣ ಫರ್ಡಿನಾಂಡನಿಂದ ಕೊಂಡು 1850ರವರೆಗೂ ಹಾಡುಗಳನ್ನು ಕಂತುಕಂತಾಗಿ ಮಾರಿದ. ಆದರೂ ಒಂದು ಮಾತು ಅವನ ಪರವಾಗಿ ಹೇಳಬೇಕು. ನಗುವ ಮಟ್ಟು ಕೊಟ್ಟು ನಗುವ ಪುಸ್ತಕ ಮಾರಹೊರಟ ಆ ವ್ಯಾಪಾರಿ, ಬಂದ ಬೇಸರದ ಹಾಳೆಯನ್ನು ಹಿಂದಕ್ಕೆ ಕಳಿಸಲಿಲ್ಲ, ಬರೆದವನನ್ನು ಏಕೆಂದು ಕೇಳಿದ ದಾಖಲೆಯೂ ಇಲ್ಲ. ಮೂವತ್ತೆಂಟನೆಯ ಜಾಗದಲ್ಲಿ ಅಚ್ಚು ಹಾಕಿದ.

ಆ ಹುಡುಗಿಗೆ ಮುಂದಿನ ಸಲ 'ದಸರಾ ರಜೆ' ಎಂಬ ವಿಷಯ ಬಂತು. ಪಕ್ಕದವಳು ಬರೆದ ಹಾಗೆಯೇ ಬರೆದಳು: ಅಜ್ಜಿ ಮನೆ, ಒಬ್ಬಟ್ಟು, ಬೊಂಬೆ, ತುಂಬಾ ಸಂತೋಷವಾಯಿತು. ನಾನು ಹತ್ತಕ್ಕೆ ಎಂಟು ಕೊಟ್ಟೆ.