ಹೊಲಿಗೆ ಮಾಯುವ ದಿನಗಳು: ಬೆಂಗಳೂರು ಗ್ರಾಮಾಂತರದಲ್ಲಿ ಸಿಜೇರಿಯನ್ ಬಾಣಂತನದ ಚರಿತ್ರೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಹೆರಿಗೆಯು ಮನೆಯ ನಡುಮನೆಯಿಂದ ಆಸ್ಪತ್ರೆಯ ವಾರ್ಡಿಗೆ ಬಂದದ್ದು ಎರಡು ತಲೆಮಾರುಗಳೊಳಗೆ ನಡೆದ ಬದಲಾವಣೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 2005–06ರಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ಶೇ. 65ರಷ್ಟು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು, 2019–20ರ ಹೊತ್ತಿಗೆ ಆ ಪ್ರಮಾಣ ಶೇ. 97ಕ್ಕೆ ಏರಿತು, 2015–16ರಲ್ಲಿ ಶೇ. 23.6ರಷ್ಟಿದ್ದ ಸಿಜೇರಿಯನ್ ಹೆರಿಗೆಗಳು ಅದೇ 2019–20ರ ಸಮೀಕ್ಷೆಯಲ್ಲಿ ಶೇ. 31.5ರಷ್ಟಾಗಿದ್ದವು. ಈ ಅಂಕಿಗಳ ಹಿಂದೆ ಉಳಿಸಿಕೊಂಡ ಜೀವಗಳ ದೊಡ್ಡ ಕಥೆಯಿದೆ, ಅದನ್ನು ಬಹಳ ಜನ ಬರೆದಿದ್ದಾರೆ. ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಮೇಲೆ ತಾಯಿ ಎಷ್ಟು ದಿನ ಆಸ್ಪತ್ರೆಯ ಮಂಚದಲ್ಲಿ ಮಲಗಿದಳು, ಅವಳ ನೋವಿಗೆ ಏನು ಕೊಟ್ಟರು, ಮಂಚ ಬಿಟ್ಟ ಮೇಲೆ ಆ ನೋವನ್ನು ಯಾರು ನೋಡಿಕೊಂಡರು ಎಂಬ ಸಣ್ಣ ಕಥೆಗೆ ಮಾತ್ರ ಅಷ್ಟು ಗಮನ ಸಿಕ್ಕಿಲ್ಲ.

ಈ ಸೀಮೆಯ ಬಾಣಂತನ, ಅಂದರೆ ಹೆತ್ತವಳಿಗೆ ಮನೆಯವರು ಮಾಡುವ ಆರೈಕೆ, ಮೂಲತಃ ಗಾಯವಿಲ್ಲದ ದೇಹವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡ ಪದ್ಧತಿ. ಮೊದಲ ಹೆರಿಗೆ ತವರಿನಲ್ಲಿ. ಹೆರಿಗೆ ಮಾಡಿಸುವವಳು ಊರಿನ ಸೂಲಗಿತ್ತಿ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವರಾಗಿ 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರು ಈ ಪರಂಪರೆಯ ಹೆಸರಾಂತ ಪ್ರತಿನಿಧಿ. ಹೆರಿಗೆಯ ನಂತರ ಬಾಣಂತಿಯನ್ನು ಮಣೆಯ ಮೇಲೆ ಕಾಲು ನೀಡಿ ಕೂರಿಸಿ, ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯಲ್ಲಿ ಕುದಿದ ನೀರನ್ನು ಸೊಂಟದ ಮೇಲೆ ಚೊಂಬಿನಿಂದ ಬಡಿದಂತೆ ಹೊಯ್ಯುವುದು, ಸಾಂಬ್ರಾಣಿ ಹೊಗೆ ಕೊಡುವುದು, ಹಳೆಯ ನೂಲಿನ ಸೀರೆಯ ತುಂಡನ್ನು ಮಡಿಸಿ ಹೊಟ್ಟೆಗೆ ಬಿಗಿಯಾಗಿ ಕಟ್ಟುವುದು, ಮೆಣಸು ಬೆಳ್ಳುಳ್ಳಿಯ ಸಾರಿನ ಊಟ ಹಾಕುವುದು ಇವೆಲ್ಲ ಖಾಲಿಯಾದ ಹೊಟ್ಟೆಗೆ ವಾಯು ಸೇರಬಾರದು, ಸೊಂಟ ಗಟ್ಟಿಯಾಗಬೇಕು ಎಂಬ ಒಂದೇ ತಿಳಿವಳಿಕೆಯ ಕವಲುಗಳು. ಶಾಖ, ಒತ್ತಡ ಮತ್ತು ವಿಶ್ರಾಂತಿ ಈ ಮೂರೇ ಅದರ ನೋವುನಿವಾರಕಗಳು ಎನ್ನಬಹುದು. ಸಹಜ ಹೆರಿಗೆಯ ಮೈಕೈ ನೋವಿಗೆ ಅವು ನಿಜಕ್ಕೂ ಒದಗುತ್ತಿದ್ದವು. ಮಗು ಅಡ್ಡ ಬಿದ್ದಾಗ, ದಾರಿ ಕಿರಿದಾದಾಗ ಮಾತ್ರ ಆ ವಿದ್ಯೆಯ ಕೈ ಅಲ್ಲಿಗೇ ನಿಲ್ಲುತ್ತಿತ್ತು.

ಹಾಗೆ ನಿಂತ ಕಡೆ ಶಸ್ತ್ರವೈದ್ಯವೂ ಬಹುಕಾಲ ಏನನ್ನೂ ಮಾಡಲಾಗದೆ ನಿಂತಿತ್ತು. ಗರ್ಭಕೋಶವನ್ನು ಕೊಯ್ದ ಮೇಲೆ ಹೊಲಿಯದೆ ಬಿಡುತ್ತಿದ್ದುದರಿಂದ ರಕ್ತಸ್ರಾವ ಮತ್ತು ನಂಜಿನಿಂದ ತಾಯಂದಿರು ಸಾಯುವುದೇ ಹೆಚ್ಚಾಗಿತ್ತು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಗರ್ಭಕೋಶದ ಗೋಡೆಯನ್ನೇ ಹೊಲಿಯುವ ಕ್ರಮವನ್ನು ವಿವರಿಸಿದ ಮೇಲೆ ಈ ಶಸ್ತ್ರಚಿಕಿತ್ಸೆ ಬದುಕುವ ದಾರಿಯಾಯಿತು. ಆ ಹೊಲಿಗೆಗೆ ಬೆಳ್ಳಿಯ ತಂತಿಯ ಜೊತೆಗೆ ರೇಷ್ಮೆಯ ಎಳೆಯನ್ನೂ ಬಳಸುತ್ತಿದ್ದರು, ಮುಂದೆ ದಶಕಗಳ ಕಾಲ ಚರ್ಮದ ಹೊಲಿಗೆಗೆ ಕಪ್ಪು ರೇಷ್ಮೆ ದಾರವೇ ರೂಢಿಯಲ್ಲಿತ್ತು ಎಂಬುದನ್ನು ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯನ್ನೂ ದೊಡ್ಡಬಳ್ಳಾಪುರದ ಮಗ್ಗಗಳನ್ನೂ ಕಂಡ ಈ ಜಿಲ್ಲೆಯವರು ಕುತೂಹಲದಿಂದ ಗಮನಿಸಬಹುದು. ಮೈಸೂರು ಸಂಸ್ಥಾನದಲ್ಲಿ ಇಂತಹ ಶಸ್ತ್ರಚಿಕಿತ್ಸೆ ಬೆಂಗಳೂರು, ಮೈಸೂರುಗಳ ದೊಡ್ಡ ಆಸ್ಪತ್ರೆಗಳ ವಿಷಯವಾಗಿತ್ತು. 1935ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನ ಹೆಸರಿನಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಾಣಿ ವಿಲಾಸ ಆಸ್ಪತ್ರೆಯೇ ಸುತ್ತಲಿನ ತಾಲ್ಲೂಕುಗಳ ಕಷ್ಟದ ಹೆರಿಗೆಗಳಿಗೆ ಕೊನೆಯ ಆಸರೆಯಾಯಿತು. ಎತ್ತಿನ ಗಾಡಿಯಲ್ಲೋ, ಮುಂದೆ ಬಸ್ಸಿನಲ್ಲೋ ಮೂವತ್ತು ನಲವತ್ತು ಕಿಲೋಮೀಟರ್ ಬಂದು ತಲುಪುವಷ್ಟರಲ್ಲಿ ಹೆರಿಗೆ ನೋವು ಶುರುವಾಗಿ ಎಷ್ಟೋ ತಾಸು ಕಳೆದಿರುತ್ತಿತ್ತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಪ್ರತ್ಯೇಕ ಜಿಲ್ಲೆಯಾದ ಮೇಲೂ ಜಿಲ್ಲಾಡಳಿತದ ಕಚೇರಿಗಳು ಬಹುಕಾಲ ನಗರದಲ್ಲೇ ಇದ್ದುದರಿಂದ ಆಡಳಿತದಂತೆ ಚಿಕಿತ್ಸೆಯೂ ನಗರದ ಕಡೆಗೇ ಮುಖ ಮಾಡಿತ್ತು.

ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಸಿಜೇರಿಯನ್ ಆದವಳು ಹತ್ತು ದಿನದಿಂದ ಎರಡು ವಾರದವರೆಗೆ ಆಸ್ಪತ್ರೆಯಲ್ಲಿರುವುದು ಎಲ್ಲೆಡೆ ಸಾಮಾನ್ಯವಾಗಿತ್ತು. ಹೊಟ್ಟೆಯ ಮೇಲೆ ಉದ್ದುದ್ದಕ್ಕೆ ಕೊಯ್ದ ಗಾಯ, ಏಳೆಂಟು ದಿನಕ್ಕೆ ಬಿಚ್ಚುವ ಹೊಲಿಗೆ, ಕರುಳಿನ ಸದ್ದು ಕೇಳಿ ಗಾಳಿ ಹೋಗುವ ತನಕ ಬಾಯಿಗೆ ಏನನ್ನೂ ಕೊಡದ ನಿಯಮ, ಬೆನ್ನಿಗೆ ಅರಿವಳಿಕೆಯ ಸೂಜಿ ಹಾಕಿದ್ದರೆ ತಲೆನೋವು ಬರಬಾರದೆಂದು ತಲೆದಿಂಬಿಲ್ಲದೆ ಒಂದು ದಿನವಿಡೀ ಅಂಗಾತ ಮಲಗಬೇಕೆಂಬ ಕಟ್ಟುಪಾಡು ಇವೆಲ್ಲ ಸೇರಿ ಆ ದಿನಗಳನ್ನು ಉದ್ದವಾಗಿಸಿದ್ದವು. ಇವುಗಳಲ್ಲಿ ಕೆಲವು ಅಗತ್ಯವೇ ಇರಲಿಲ್ಲವೆಂದು ಆಮೇಲೆ ತಿಳಿಯಿತು: ಅಂಗಾತ ಮಲಗಿದ್ದರಿಂದ ತಲೆನೋವು ತಪ್ಪುವುದಿಲ್ಲ, ಸೂಜಿ ಸಣ್ಣದಾದಷ್ಟೂ ಅದರ ತುದಿ ಪೆನ್ಸಿಲ್ ಮೊನೆಯಂತಾದಷ್ಟೂ ತಪ್ಪುತ್ತದೆ, ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ನೀರು, ಗಂಜಿ ಕೊಟ್ಟು ಎಬ್ಬಿಸಿ ನಡೆಸಿದರೆ ಬಾಣಂತಿ ಬೇಗ ಚೇತರಿಸಿಕೊಳ್ಳುತ್ತಾಳೆ. ಆದರೂ ಆ ದೀರ್ಘ ವಾಸದಲ್ಲಿ ಒಂದು ಗುಣವಿತ್ತು. ಗಾಯ ನೋಯುವ ದಿನಗಳಷ್ಟೂ ಅವಳು ದಾದಿಯ ಕಣ್ಣೆದುರಿಗೇ ಇರುತ್ತಿದ್ದಳು, ನೋವಿನ ಇಂಜೆಕ್ಷನ್ ಕೇಳಿದರೆ ಕೊಡುವವರು ಹತ್ತಿರದಲ್ಲೇ ಇರುತ್ತಿದ್ದರು.

ಆ ಇಂಜೆಕ್ಷನ್ನಿನ ಚರಿತ್ರೆಯೂ ನೇರವಾದದ್ದಲ್ಲ. ಅಫೀಮಿನಿಂದ ಹತ್ತೊಂಬತ್ತನೇ ಶತಮಾನದ ಆರಂಭದಲ್ಲೇ ಬೇರ್ಪಡಿಸಿದ್ದ ಮಾರ್ಫಿನ್ ಮತ್ತು 1939ರ ಸುಮಾರಿಗೆ ಜರ್ಮನಿಯಲ್ಲಿ ಸಿದ್ಧವಾದ ಪೆಥಿಡಿನ್ ಹೆರಿಗೆ ವಾರ್ಡುಗಳ ಮುಖ್ಯ ನೋವುನಿವಾರಕಗಳಾಗಿದ್ದವು. ಆಮೇಲೆ ಪೆಂಟಜೊಸಿನ್ ಬಂದು, ಫೋರ್ಟ್‌ವಿನ್ ಎಂಬ ಹೆಸರಿನಲ್ಲಿ ಭಾರತದ ಆಸ್ಪತ್ರೆಗಳ ದಿನಬಳಕೆಯ ಮಾತಾಯಿತು. 1985ರ ಮಾದಕದ್ರವ್ಯ ಕಾಯ್ದೆ ಅಫೀಮಿನ ಕುಲದ ಔಷಧಗಳಿಗೆ ಪರವಾನಗಿ, ಲೆಕ್ಕಪತ್ರ, ಶಿಕ್ಷೆಯ ಭಯ ಇವುಗಳ ಬೇಲಿ ಕಟ್ಟಿದ ಮೇಲೆ ಸಣ್ಣ ಆಸ್ಪತ್ರೆಗಳು ಆ ಔಷಧಗಳ ಗೊಡವೆಯೇ ಬೇಡವೆಂದವು. ಕೆಲವರ ದುರ್ಬಳಕೆ ತಡೆಯಲು ಹಾಕಿದ ಬೇಲಿ ನೋವಿನಲ್ಲಿದ್ದವರನ್ನು ಹೊರಗಿಟ್ಟಿತು. 2014ರ ತಿದ್ದುಪಡಿ ಮಾರ್ಫಿನ್ ಸೇರಿದಂತೆ ಕೆಲವು ಅತ್ಯಗತ್ಯ ಔಷಧಗಳಿಗೆ ದೇಶಕ್ಕೆಲ್ಲ ಒಂದೇ ಸರಳ ನಿಯಮವನ್ನು ತಂದಿತಾದರೂ ಮೂರು ದಶಕಗಳ ಹಿಂಜರಿಕೆ ಒಂದು ತಿದ್ದುಪಡಿಯಿಂದ ಹೋಗುವಂಥದ್ದಲ್ಲ. ಅಷ್ಟರಲ್ಲಿ ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್, ಟ್ರಮಡಾಲ್ ಆ ಜಾಗವನ್ನು ತುಂಬಿದ್ದವು.

ತಾಲ್ಲೂಕು ಮಟ್ಟದಲ್ಲೇ ಸಿಜೇರಿಯನ್ ಸಾಧ್ಯವಾದದ್ದು 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರದ ವರ್ಷಗಳಲ್ಲಿ. ಶಸ್ತ್ರಚಿಕಿತ್ಸೆ, ಅರಿವಳಿಕೆ, ರಕ್ತದ ದಾಸ್ತಾನು ಈ ಮೂರೂ ಇರುವ ಮೊದಲ ಹಂತದ ಆಸ್ಪತ್ರೆಗಳನ್ನು ಗುರುತಿಸಲಾಯಿತು. ಅರಿವಳಿಕೆ ತಜ್ಞರ ಕೊರತೆ ನೀಗಿಸಲು ಎಂ.ಬಿ.ಬಿ.ಎಸ್. ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ಕೊಡಲಾಯಿತು. 2008ರ ನವೆಂಬರ್ 1ರಂದು ಆರಂಭವಾದ 108 ಆಂಬುಲೆನ್ಸ್ ಹಳ್ಳಿಯಿಂದ ಆಸ್ಪತ್ರೆಗೆ ಇದ್ದ ದಾರಿಯನ್ನು ಹತ್ತಿರ ಮಾಡಿತು. ಈ ಆಸ್ಪತ್ರೆಗಳ ಸಾಮಾನ್ಯ ಕ್ರಮ ಬೆನ್ನಿನ ಅರಿವಳಿಕೆ, ಅಂದರೆ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬ್ಯುಪಿವಕೇನ್ ಎಂಬ ಔಷಧವನ್ನು ಬಿಟ್ಟು ಎದೆಯ ಕೆಳಗಿನ ಭಾಗವನ್ನು ಮರಗಟ್ಟಿಸುವುದು. ತಾಯಿಗೆ ಎಚ್ಚರವಿರುತ್ತದೆ, ಮಗುವಿನ ಅಳು ಕೇಳಿಸುತ್ತದೆ. ಎರಡು ಮೂರು ಗಂಟೆಗಳಲ್ಲಿ ಮರಗಟ್ಟಿದ್ದು ಇಳಿಯುತ್ತದೆ, ನಿಜವಾದ ನೋವು ಶುರುವಾಗುವುದು ಆಗ. ಅದೇ ಸೂಜಿಯಲ್ಲಿ ತೀರ ಅಲ್ಪ ಪ್ರಮಾಣದ ಮಾರ್ಫಿನ್ ಸೇರಿಸಿದರೆ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ನೋವು ಹತೋಟಿಯಲ್ಲಿರುತ್ತದೆಂದು 1980ರ ದಶಕದಿಂದಲೇ ವೈದ್ಯಲೋಕಕ್ಕೆ ಗೊತ್ತಿದೆ. ಆದರೆ ಅದಕ್ಕೆ ರಾತ್ರಿಯಿಡೀ ಉಸಿರಾಟವನ್ನು ಗಮನಿಸುವ ದಾದಿಯರು ಬೇಕು, ಔಷಧಕ್ಕೆ ಲೆಕ್ಕ ಇಡುವವರು ಬೇಕು. ಇಬ್ಬರೋ ಮೂವರೋ ಸಿಬ್ಬಂದಿಯಲ್ಲಿ ಇಡೀ ವಾರ್ಡಿನ ರಾತ್ರಿ ಪಾಳಿ ಸಾಗುವ ಕಡೆ ಡೈಕ್ಲೊಫೆನಾಕ್ ಚುಚ್ಚುಮದ್ದೇ ಸುಲಭದ ದಾರಿ. ಮೊದಲ ರಾತ್ರಿ ಬಾಣಂತಿಗೆ ಮಗ್ಗುಲಾಗಲು, ಕೆಮ್ಮಲು, ಮಗುವನ್ನು ಎದೆಗೆ ಹಿಡಿಯಲು ಆಗುವಷ್ಟು ನೋವು ಕಡಿಮೆಯಾಗಬೇಕೆಂಬುದು ಸೌಕರ್ಯದ ಮಾತಲ್ಲ. ಹಾಲು ಬರುವುದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರುವುದು, ಎದ್ದು ನಡೆಯುವುದು ಇವೆಲ್ಲಕ್ಕೂ ಅದೇ ಬುಡ.

ಆಸ್ಪತ್ರೆ ವಾಸದ ಅವಧಿಗೆ ಸರ್ಕಾರ ಕೊಟ್ಟ ಸ್ಪಷ್ಟ ಅಳತೆ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿದೆ: ಉಚಿತ ಔಷಧ, ಉಚಿತ ಶಸ್ತ್ರಚಿಕಿತ್ಸೆ, ಮನೆಗೆ ಬಿಡುವ ವಾಹನದ ಜೊತೆಗೆ ಸಹಜ ಹೆರಿಗೆಗೆ ಮೂರು ದಿನ, ಸಿಜೇರಿಯನ್‌ಗೆ ಏಳು ದಿನದವರೆಗೆ ಉಚಿತ ಊಟ. ಏಳು ದಿನದ ಈ ಅಂಕಿ ಹೊಲಿಗೆ ಬಿಚ್ಚುವ ಹಳೆಯ ಲೆಕ್ಕಕ್ಕೆ ಹೊಂದುವಂಥದ್ದು. ಆದರೆ ತಾನೇ ಕರಗುವ ದಾರ ಬಂದಿದೆ, ಮಂಚಗಳು ಸಾಲವು, ಮನೆಯಲ್ಲಿ ದೊಡ್ಡ ಮಗು ಕಾಯುತ್ತಿರುತ್ತದೆ. ಮೂರು ನಾಲ್ಕು ದಿನಕ್ಕೇ ಮನೆಗೆ ಹೋಗುವುದು ಸಾಮಾನ್ಯವಾಗಿದೆ. 2007ರಿಂದ ರಾಜ್ಯ ಸರ್ಕಾರ ಕೊಟ್ಟ ಮಡಿಲು ಕಿಟ್‌ನಲ್ಲಿ ಸೊಳ್ಳೆಪರದೆ, ಜಮಖಾನ, ಸೋಪುಗಳ ನಡುವೆ ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಸೇರಿತ್ತೆಂಬುದು ಗಮನಾರ್ಹ, ಏಕೆಂದರೆ ಮನೆಯ ಬಾಣಂತನದ ಒಂದು ಪದ್ಧತಿಯನ್ನು ಸರ್ಕಾರ ತನ್ನ ಪಟ್ಟಿಗೆ ಸೇರಿಸಿಕೊಂಡ ಅಪರೂಪದ ಉದಾಹರಣೆ ಅದು.

ನಾಲ್ಕನೇ ದಿನಕ್ಕೆ ಮನೆಗೆ ಬಂದ ಸಿಜೇರಿಯನ್ ಬಾಣಂತಿಯ ಮುಂದೆ ಗಾಯವಿಲ್ಲದವರಿಗಾಗಿ ಕಟ್ಟಿದ ಬಾಣಂತನ ಕಾದಿರುತ್ತದೆ, ಮನೆಯ ಹಿರಿಯ ಹೆಂಗಸರು ಅದನ್ನು ತಮ್ಮ ವಿವೇಕದಿಂದ ತಿದ್ದಿಕೊಂಡಿದ್ದಾರೆ: ಹಂಡೆ ನೀರಿನ ಸ್ನಾನ ಹೊಲಿಗೆ ಒಣಗಿದ ಮೇಲೆ, ಎಣ್ಣೆ ಕೈಕಾಲು ಬೆನ್ನಿಗೆ ಮಾತ್ರ, ಹೊಟ್ಟೆಗೆ ಕಟ್ಟುವ ಬಟ್ಟೆ ಸಡಿಲ. ಗಾಯಕ್ಕೆ ನಂಜಾಗುತ್ತದೆಂದು ಬದನೆ, ಕುಂಬಳದಂಥ ತರಕಾರಿಗಳನ್ನು ಬಿಡಿಸುವುದು, ನೀರನ್ನು ಕಡಿಮೆ ಕುಡಿಸುವುದು ಮಾತ್ರ ಹಾಗೇ ಉಳಿದಿದೆ. ಮಲಬದ್ಧತೆಯಿಂದ ಹೊಲಿಗೆಯ ಮೇಲೆ ಬೀಳುವ ಒತ್ತಡವನ್ನು ನೋಡಿದರೆ ಈ ಎರಡನೆಯ ಪಥ್ಯ ನೋವನ್ನು ಹೆಚ್ಚಿಸುವಂಥದ್ದು. ಮಾತ್ರೆ ಹಾಲಿಗಿಳಿದು ಮಗುವಿಗೆ ತಾಗುತ್ತದೆಂಬ ಅಂಜಿಕೆ ಅದಕ್ಕಿಂತ ಹೆಚ್ಚು ನೋವು ಕೊಟ್ಟಿದೆ, ಎಷ್ಟೋ ಜನ ಆಸ್ಪತ್ರೆ ಕೊಟ್ಟ ಮಾತ್ರೆಗಳನ್ನು ಡಬ್ಬಿಯಲ್ಲೇ ಉಳಿಸುತ್ತಾರೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಹಾಲಿನಲ್ಲಿ ಸೇರುವುದು ತೀರ ಅಲ್ಪ. ಎಚ್ಚರ ಬೇಕಿರುವುದು ಕೋಡೀನ್, ಟ್ರಮಡಾಲ್‌ಗಳ ವಿಷಯದಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಹಾಲುಣಿಸುವ ತಾಯಂದಿರ ವಿಷಯವಾಗಿ ಎಚ್ಚರಿಸಿದ್ದು ಇವೆರಡನ್ನೇ. ಆಸ್ಪತ್ರೆಯಿಂದ ಬಿಡುವಾಗ ಈ ಭೇದವನ್ನು ಎರಡು ಮಾತಿನಲ್ಲಿ ತಾಯಿಗೂ ಅತ್ತೆಗೂ ಹೇಳಿದರೆ ಎಷ್ಟೋ ನೋವು ತಪ್ಪುತ್ತದೆ.

ವಿಶ್ರಾಂತಿಯ ದಿನಗಳಿಗೆ ಕೂಲಿಯ ಲೆಕ್ಕವೂ ತಳಕು ಹಾಕಿಕೊಂಡಿದೆ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ 26 ವಾರಕ್ಕೆ ಏರಿದ ವೇತನಸಹಿತ ಹೆರಿಗೆ ರಜೆ ಕಾರ್ಖಾನೆಯ ಹಾಜರಿಯಲ್ಲಿ ಹೆಸರಿರುವ ಹೆಂಗಸಿಗೆ ದಕ್ಕುತ್ತದೆ. ಮನೆಯ ಮಗ್ಗದ ಲಾಳಿ ಸುತ್ತುವ, ಹೊಲದಲ್ಲಿ ಕಳೆ ಕೀಳುವ, ರೇಷ್ಮೆಹುಳು ಮನೆಗೆ ಸೊಪ್ಪು ಹೊರುವ ಹೆಂಗಸಿಗೆ ಅಂತಹ ರಜೆಯಿಲ್ಲ. ಆರು ವಾರ ಭಾರ ಎತ್ತಬಾರದೆಂಬ ವೈದ್ಯರ ಮಾತು ಅವಳ ಮನೆಯಲ್ಲಿ ನೆರವಿಗೆ ಇನ್ನೊಂದು ಕೈ ಇದ್ದರೆ ಮಾತ್ರ ನಡೆಯುತ್ತದೆ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಐವರು ಬಾಣಂತಿಯರು ಮರಣ ಹೊಂದಿದಾಗ, ಅವರಿಗೆ ಏರಿಸಿದ ದ್ರಾವಣದ ಮೇಲೆ ಶಂಕೆ ಮೂಡಿ ರಾಜ್ಯದಲ್ಲೆಲ್ಲ ಅದರ ಬಳಕೆ ನಿಂತಾಗ, ಶಸ್ತ್ರಚಿಕಿತ್ಸೆಯ ನಂತರದ ದಿನಗಳೂ ಎಷ್ಟು ಅಪಾಯದವೆಂದು ನಾಡಿಗೆ ತಿಳಿಯಿತು. ಆ ದಿನಗಳನ್ನು ನೋಡಿಕೊಳ್ಳಲು ಹಳ್ಳಿಯಲ್ಲಿ ಈಗ ಇರುವ ವ್ಯವಸ್ಥೆ ಆಶಾ ಕಾರ್ಯಕರ್ತೆಯ ಭೇಟಿ. ಸಿಜೇರಿಯನ್ ಆದ ಮನೆಗೆ ಅವಳು 7, 14, 21, 28 ಮತ್ತು 42ನೇ ದಿನ ಹೋಗಬೇಕು. ಹೋದಾಗ ಮುಖ್ಯವಾಗಿ ಮಗುವಿನ ತೂಕ, ಉಷ್ಣತೆ, ಹಾಲು ಕುಡಿಯುವ ಬಗೆಯನ್ನು ನೋಡಿ ಬರೆದುಕೊಳ್ಳುತ್ತಾಳೆ. ಅವಳ ಔಷಧ ಚೀಲದಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ನಾಲ್ಕನೇ ದಿನ ಮನೆಗೆ ಬಂದವಳನ್ನು ನೋಡಲು ಏಳನೇ ದಿನದವರೆಗೆ ಯಾರೂ ಬರುವುದಿಲ್ಲ. ಗಾಯ ಕೆಂಪಾಗುವುದು, ಜ್ವರ ಬರುವುದು, ಮಾತ್ರೆ ಮುಗಿಯುವುದು ಈ ನಡುವಿನ ದಿನಗಳಲ್ಲೂ ಆಗಬಹುದಾದ್ದರಿಂದ, ಒಂದು ಭೇಟಿಯನ್ನು ಐದನೇ ದಿನಕ್ಕೆ ತಂದು ತಾಯಿಯ ನೋವು ಎಷ್ಟಿದೆಯೆಂದು ಬರೆದುಕೊಳ್ಳುವ ಒಂದು ಅಂಕಣವನ್ನು ಆಶಾ ಕಾರ್ಯಕರ್ತೆಯ ನಮೂನೆಗೆ ಸೇರಿಸುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆರೋಗ್ಯ ಇಲಾಖೆಗೆ ದುಬಾರಿಯ ಕೆಲಸವೇನಲ್ಲ.