ಲೂಸಿಯ ನಗೆ, ಕಿರ್ಕನ ನೌಕೆ

ನಗೆನಾಟಕಗಳನ್ನು ನೋಡುವವರು ಒಂದು ಪಂಗಡ, ವ್ಯೋಮನೌಕೆ ಯಂತ್ರಮಾನವರ ಕಥೆಗಳನ್ನು ಮೆಚ್ಚುವವರು ಇನ್ನೊಂದು ಪಂಗಡ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೊದಲನೆಯವರಿಗೆ ಗಾಂಭೀರ್ಯ ಸಾಲದು, ಎರಡನೆಯವರಿಗೆ ಬುದ್ಧಿ ಬಲಿತಿಲ್ಲ ಎಂಬುದು ಬಲ್ಲವರ ತೀರ್ಪು. ಎರಡು ಪಂಗಡಕ್ಕೂ ಸೇರಿದ ನನ್ನಂಥವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದರೆ ಅಮೆರಿಕದ ಟೆಲಿವಿಷನ್ನಿನ ಚರಿತ್ರೆಯನ್ನು ಕೊಂಚ ಕೆದಕಿದರೆ, ಇವೆರಡೂ ಒಂದೇ ಮನೆಯ ಮಕ್ಕಳೆಂಬುದು ತಿಳಿಯುತ್ತದೆ. ಇದು ಅಲಂಕಾರಕ್ಕಾಗಿ ಆಡಿದ ಮಾತಲ್ಲ. ಆ ಮನೆಗೆ ಹೆಸರೂ ಉಂಟು.

ಹೆಸರು ಡೆಸಿಲು. ನಟಿ ಲೂಸಿಲ್ ಬಾಲ್ ಮತ್ತು ಆಕೆಯ ಗಂಡ, ಕ್ಯೂಬಾದ ಸಂಗೀತಗಾರ ಡೆಸಿ ಅರ್ನಾಜ್, ತಮ್ಮಿಬ್ಬರ ಹೆಸರುಗಳನ್ನು ಹೊಸೆದು ಕಟ್ಟಿದ ಕಂಪೆನಿ ಅದು. ಅವರ 'ಐ ಲವ್ ಲೂಸಿ' ೧೯೫೧ರ ಅಕ್ಟೋಬರ್ ೧೫ರಂದು ಆರಂಭವಾಯಿತು. ಆಗಿನ ನಾಟಕಗಳು ಬಹುಪಾಲು ನ್ಯೂಯಾರ್ಕಿನಿಂದ ನೇರವಾಗಿ ಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆ ಸಿಗುತ್ತಿದ್ದುದು ಟೆಲಿವಿಷನ್ ಪರದೆಯಿಂದಲೇ ಪಡಿಯೆತ್ತಿದ ಮಸುಕು ಚಿತ್ರ. ಈ ದಂಪತಿಗಳು ಹಾಲಿವುಡ್ ಬಿಟ್ಟು ಕದಲಲು ಒಪ್ಪಲಿಲ್ಲ. ಹಾಗಾದರೆ ಚಲಚ್ಚಿತ್ರದಂತೆ ಫಿಲ್ಮಿನ ಮೇಲೆಯೇ ತೆಗೆಯಬೇಕು, ಖರ್ಚು ಹೆಚ್ಚು. ತಮ್ಮ ಸಂಭಾವನೆ ಕಡಿಮೆಯಾದರೂ ಚಿಂತೆಯಿಲ್ಲ, ಫಿಲ್ಮುಗಳ ಒಡೆತನ ತಮಗಿರಲಿ ಎಂದರು. ಒಮ್ಮೆ ನಕ್ಕು ಮುಗಿದ ನಗೆಯನ್ನು ಮತ್ತೆ ಕೊಳ್ಳುವವರು ಇರುತ್ತಾರೆಂದು ಆಗ ಹೆಚ್ಚು ಜನ ಎಣಿಸಿರಲಿಲ್ಲ.

ಆ ಫಿಲ್ಮು ತೆಗೆಯಲು ಬಂದವನು ಕಾರ್ಲ್ ಫ್ರಾಯಿಂಡ್. ಬರ್ಲಿನ್ನಿನಲ್ಲಿ ೧೯೨೭ರಲ್ಲಿ ತೆರೆಕಂಡ ಫ್ರಿಟ್ಸ್ ಲಾಂಗನ 'ಮೆಟ್ರೊಪೊಲಿಸ್' ಚಿತ್ರದ ಛಾಯಾಗ್ರಾಹಕರಲ್ಲಿ ಒಬ್ಬ. ಕಾರ್ಮಿಕರು ದೈತ್ಯಯಂತ್ರದ ತಾಳಕ್ಕೆ ಮೈ ಬಗ್ಗಿಸಿ ಬಳಲುವ ಆ ಚಿತ್ರವನ್ನು ನೋಡಿದವರು ಮರೆಯಲಾರರು. ಇಂಥವನು ನಗೆನಾಟಕಕ್ಕೆ ಬಂದು, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಮೂರು ಕ್ಯಾಮರಾಗಳಿಂದ ಏಕಕಾಲಕ್ಕೆ ಚಿತ್ರ ತೆಗೆಯುವಂತೆ ಬೆಳಕನ್ನು ಹದಗೊಳಿಸಿದ. ೧೯೫೨ರ ಒಂದು ಕಂತಿನಲ್ಲಿ ಲೂಸಿ ಮತ್ತು ಆಕೆಯ ಗೆಳತಿ ಎಥೆಲ್ ಚಾಕೊಲೇಟ್ ಕಾರ್ಖಾನೆಗೆ ಕೂಲಿಗೆ ಸೇರುತ್ತಾರೆ. ಚಲಿಸುವ ಪಟ್ಟಿಯ ಮೇಲೆ ಬರುವ ಚಾಕೊಲೇಟುಗಳಿಗೆ ಕಾಗದ ಸುತ್ತುವ ಕೆಲಸ. ಪಟ್ಟಿಯ ವೇಗ ಏರುತ್ತದೆ. ಇವರು ಬಾಯಿಗೆ, ಟೋಪಿಗೆ, ಎದೆಯೊಳಕ್ಕೆ ತುರುಕತೊಡಗುತ್ತಾರೆ. ಮೇಲ್ವಿಚಾರಕಿ ಬಂದು ಬರಿದಾದ ಪಟ್ಟಿಯನ್ನು ಕಂಡು ಮೆಚ್ಚಿ, ಇನ್ನೂ ಜೋರಾಗಿ ಓಡಿಸಿ ಎಂದು ಆಜ್ಞೆ ಮಾಡುತ್ತಾಳೆ! ಬರ್ಲಿನ್ನಿನಲ್ಲಿ ಮೈ ನಡುಗಿಸಿದ ಸಂಗತಿಯೇ ಇಲ್ಲಿ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತದೆ. ಯಂತ್ರದ ಮುಂದೆ ಮನುಷ್ಯ ಸಣ್ಣವನಾಗುವ ವಿಷಯವನ್ನು ಎರಡರಲ್ಲಿ ಯಾವುದು ಚೆನ್ನಾಗಿ ಹೇಳಿತು ಎಂದು ಕೇಳಿದರೆ, ನನ್ನ ಮತ ಲೂಸಿಗೆ. ಆಕೆ ಹೆದರುವುದಿಲ್ಲ, ಉಪದೇಶ ಮಾಡುವುದಿಲ್ಲ. ಇನ್ನೊಂದು ಚಾಕೊಲೇಟನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ.

ಮುಂದೆ ಆ ಫಿಲ್ಮುಗಳನ್ನು ಮಾರಿ ಬಂದ ಹಣದ ಬಲದಿಂದ ಡೆಸಿಲು ೧೯೫೭ರಲ್ಲಿ ಆರ್. ಕೆ. ಓ. ಸ್ಟುಡಿಯೋವನ್ನೇ ಕೊಂಡಿತು. ೧೯೩೦ರ ದಶಕದಲ್ಲಿ ಲೂಸಿ ಸಂಬಳಕ್ಕೆ ದುಡಿದಿದ್ದ ಜಾಗ ಅದು. ೧೯೬೦ರಲ್ಲಿ ದಂಪತಿಗಳು ಬೇರೆಯಾದರು. ೧೯೬೨ರಲ್ಲಿ ಗಂಡನ ಪಾಲನ್ನೂ ಕೊಂಡು ಆಕೆಯೇ ಯಜಮಾನಿಯಾದಳು. ಜೀನ್ ರಾಡನ್‌ಬೆರಿ ಎಂಬಾತ 'ಸ್ಟಾರ್ ಟ್ರೆಕ್' ಕಥೆಯನ್ನು ಹೊತ್ತು ಬಂದದ್ದು ಈಕೆಯ ಕಂಪೆನಿಗೆ. ಮೊದಲು ತೆಗೆದ ಮಾದರಿ ಕಂತನ್ನು ಎನ್. ಬಿ. ಸಿ. ತಿರಸ್ಕರಿಸಿತು. ಕಂಪೆನಿಯ ಹಿರಿಯರು ಖರ್ಚಿಗೆ ಅಂಜಿದರು, ಲೂಸಿ ಬಿಡಲಿಲ್ಲ. ನಕ್ಷತ್ರವೆಂದರೆ ಸಿನಿಮಾ ತಾರೆಯರೆಂದು ಆಕೆ ಭಾವಿಸಿದ್ದಳೆಂದು ಒಂದು ಕಥೆಯುಂಟು. ಸುಳ್ಳೋ ನಿಜವೋ, ಲೂಸಿಗೆ ಒಪ್ಪುವ ಕಥೆ. ಎರಡನೆಯ ಮಾದರಿ ಒಪ್ಪಿಗೆಯಾಗಿ, ೧೯೬೬ರ ಸೆಪ್ಟೆಂಬರ್ ೮ರಂದು ನೌಕೆ ಹೊರಟಿತು. ಮರುವರ್ಷವೇ ಆಕೆ ಕಂಪೆನಿಯನ್ನು ಮಾರಿಬಿಟ್ಟಳು. ಬಿತ್ತಿದವಳು ಒಬ್ಬಳು, ಕೊಯ್ದವರು ಬೇರೆ.

ನಾನು ಆ ನೌಕೆಯನ್ನು ಕಂಡದ್ದು ೧೯೮೦ರ ದಶಕದಲ್ಲಿ, ದೂರದರ್ಶನದ ಕೃಪೆಯಿಂದ, ಭಾನುವಾರದ ಬೆಳಗ್ಗೆ. ಸ್ಪಾಕನ ಚೂಪು ಕಿವಿಗಿಂತ ನನ್ನನ್ನು ಹಿಡಿದದ್ದು ಅವನಿಗೂ ಡಾಕ್ಟರ್ ಮಕಾಯನಿಗೂ ನಡೆಯುತ್ತಿದ್ದ ಅತ್ತೆಸೊಸೆಯರ ಜಗಳ. ಮುದ್ದಾದ ಉಣ್ಣೆಯುಂಡೆಗಳಂಥ ಜೀವಿಗಳು ತಿಂದು, ಹೆತ್ತು, ನೌಕೆಯನ್ನೆಲ್ಲ ತುಂಬಿಬಿಡುವ ೧೯೬೭ರ ಕಂತು ಶುದ್ಧ ಪ್ರಹಸನ. ಲೂಸಿಯ ಚಾಕೊಲೇಟುಗಳೇ ಜೀವ ತಳೆದಂತೆ. ಮೂರನೆಯ ವರ್ಷ ಸ್ಪಾಕನ ಮೆದುಳನ್ನೇ ಕದ್ದೊಯ್ಯುವ ಕಂತೂ ಬಂತು. ನಗಿಸಬೇಕೆಂಬ ಉದ್ದೇಶವಿಲ್ಲದೆ ನಗೆಪಾಟಲಾದದ್ದು ಅದು. ೧೯೭೯ರ ಚಲಚ್ಚಿತ್ರವೋ ನಗುವುದನ್ನೇ ಮರೆತು ಎರಡು ಗಂಟೆಗೂ ಮೀರಿ ಗಂಭೀರವಾಗಿ ತೇಲಿತು. ಅದೇ ಜನ ೧೯೮೬ರ ಚಿತ್ರದಲ್ಲಿ ತಿಮಿಂಗಿಲಗಳನ್ನು ಹುಡುಕಿಕೊಂಡು ಸಾನ್ ಫ್ರಾನ್ಸಿಸ್ಕೋದ ಬೀದಿಗಿಳಿದಾಗ ಜೀವಕಳೆ ಮರಳಿತು.

ಅಟ್ಲಾಂಟಿಕಿನ ಆಚೆ ಕಡೆ ನಡೆದದ್ದೂ ಇಲ್ಲಿ ನೆನಪಾಗುತ್ತದೆ. ೧೯೫೩ರಲ್ಲಿ ಬಿ. ಬಿ. ಸಿ. ನೇರವಾಗಿ ಪ್ರಸಾರ ಮಾಡಿದ 'ಕ್ವಾಟರ್‌ಮಾಸ್ ಎಕ್ಸ್‌ಪೆರಿಮೆಂಟ್' ಆರು ಕಂತುಗಳ ಕಥೆ, ಉಳಿದಿರುವುದು ಎರಡೇ. ೧೯೬೩ರಲ್ಲಿ ಮೊದಲಾದ 'ಡಾಕ್ಟರ್ ಹೂ' ಮಾಲೆಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಕಳೆದುಹೋಯಿತು. ಟೇಪಿಗೆ ಬೆಲೆ ಹೆಚ್ಚು, ಮಕ್ಕಳಾಟಿಕೆಯ ಕಥೆಗೆ ಬೆಲೆ ಕಡಿಮೆ. ಅಳಿಸಿ ಬೇರೆಯದಕ್ಕೆ ಬಳಸಿದರು. 'ಡ್ಯಾಡ್ಸ್ ಆರ್ಮಿ' ಎಂಬ ನಗೆಮಾಲೆಯ ಮೂರು ಕಂತುಗಳೂ ಹೀಗೆಯೇ ಹೋದವು. ಆದರೆ 'ಡಾಕ್ಟರ್ ಹೂ' ನೋಡುತ್ತಿದ್ದ ಕೆಲವು ಅಭಿಮಾನಿಗಳು, ಹೆಚ್ಚಿನವರು ಹುಡುಗರು, ತಮ್ಮ ಮನೆಯ ಟೆಲಿವಿಷನ್ನಿನ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿಯನ್ನು ಹಿಡಿದಿಟ್ಟುಕೊಂಡಿದ್ದರು. ಚಿತ್ರವಿಲ್ಲದ ಆ ಕಂತುಗಳು ಇಂದಿಗೂ ಕಿವಿಗೆ ಸಿಗುವುದು ಅವರಿಂದಲೇ.