ಕಳ್ಳನೆನಿಸಿಕೊಂಡ ಕಾವಲುಗಾರ

ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕ ಒಂದಿಟ್ಟುಕೊಂಡು ಹಳೆಯ ಕಾವ್ಯದ ಮೂಲಪಾಠವನ್ನು ನಿರ್ಣಯಿಸುವ ಕೆಲಸದಲ್ಲಿ ಸ್ವಲ್ಪವಾದರೂ ಕೈಯಾಡಿಸಿದವರಿಗೆ ಲಿಪಿಕಾರನ ಕೈತಪ್ಪು ಎಂದರೇನೆಂಬುದು ಚೆನ್ನಾಗಿ ಗೊತ್ತು. ಒಂದಕ್ಷರ ಜಾರಿದರೆ ಪದ್ಯದ ಅರ್ಥವೇ ತಲೆಕೆಳಗಾಗುತ್ತದೆ. ದೊರೆತದ್ದು ಅದೊಂದೇ ಪ್ರತಿಯಾದರಂತೂ ಪಂಡಿತರು ಆ ತಪ್ಪಿಗೇ ವ್ಯಾಖ್ಯಾನ ಬರೆದು, ಅದನ್ನು ಕವಿಯ ತಲೆಗೆ ಕಟ್ಟಿಬಿಡುತ್ತಾರೆ. ಇಂಥ ಅವಾಂತರ ಸಾಹಿತ್ಯಕ್ಕೆ ಮಾತ್ರ ಸೇರಿದ್ದೆಂದು ನಾನು ಬಹುಕಾಲ ನಂಬಿದ್ದೆ. ಜೀವಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರು ಒಂದು ಸಂಜೆ ಪಿ53 ಎಂಬ ಪ್ರೋಟೀನಿನ ಚರಿತ್ರೆಯನ್ನು ಹೇಳಿದಾಗ ಆ ಭ್ರಮೆ ಹರಿಯಿತು. ವಿಜ್ಞಾನಿಗಳೂ ಹತ್ತು ವರ್ಷಗಳ ಕಾಲ ತಪ್ಪು ಪ್ರತಿಯನ್ನು ಓದಿ, ಕಾವಲುಗಾರನನ್ನೇ ಕಳ್ಳನೆಂದು ತಿಳಿದಿದ್ದರು.

ಕಥೆ ಆರಂಭವಾಗುವುದು 1979ರಲ್ಲಿ. ಎಸ್‌ವಿ40 ಎಂಬ ವೈರಸ್ಸು ಇಲಿಯ ಜೀವಕೋಶಗಳನ್ನು ಕ್ಯಾನ್ಸರಿನ ಹಾದಿಗೆ ಹೇಗೆ ಎಳೆಯುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಡೇವಿಡ್ ಲೇನ್ ಮತ್ತು ಲಯೊನೆಲ್ ಕ್ರಾಫರ್ಡ್, ಪ್ರಿನ್ಸ್‌ಟನ್ನಿನಲ್ಲಿ ಡೇನಿಯಲ್ ಲಿನ್ಜರ್ ಮತ್ತು ಆರ್ನಲ್ಡ್ ಲೆವಿನ್ ಪರಿಶೀಲಿಸುತ್ತಿದ್ದರು. ವೈರಸ್ಸಿನ ಪ್ರೋಟೀನಿಗೆ ಅಂಟಿಕೊಂಡು ಜೀವಕೋಶದ್ದೇ ಆದ ಇನ್ನೊಂದು ಪ್ರೋಟೀನು ಅವರ ಕಣ್ಣಿಗೆ ಬಿತ್ತು. ಅದೇ ವರ್ಷ ಫ್ರಾನ್ಸಿನಲ್ಲೂ ನ್ಯೂಯಾರ್ಕಿನಲ್ಲೂ ಬೇರೆಯವರು ಅದನ್ನು ಕಂಡರು. ಅದರ ತೂಕ 53,000 ಡಾಲ್ಟನ್ನುಗಳೆಂದು ಅಂದಾಜಾದುದರಿಂದ ಪಿ53 ಎಂಬ ಹೆಸರು ನಿಂತಿತು. ನಿಜವಾದ ತೂಕ ಸುಮಾರು 44,000 ಅಷ್ಟೆ. ನಾಮಕರಣದಲ್ಲೇ ಪಾಠದೋಷ!

ಈ ಪ್ರೋಟೀನು ಕ್ಯಾನ್ಸರ್ ಕೋಶಗಳಲ್ಲಿ ಹೇರಳವಾಗಿತ್ತು. ಆರೋಗ್ಯವಾದ ಕೋಶಗಳಲ್ಲಿ ಕಾಣಸಿಗುವುದೇ ಅಪರೂಪ. 1984ರಲ್ಲಿ ಇದರ ಜೀನನ್ನು ರಾಸ್ ಎಂಬ ಮತ್ತೊಂದು ಜೀನಿನೊಡನೆ ಕೋಶಗಳಿಗೆ ಸೇರಿಸಿದಾಗ ಅವು ಕೆಟ್ಟು ಬೆಳೆಯತೊಡಗಿದವು. ಕಳವು ನಡೆದ ಮನೆಯಲ್ಲೆಲ್ಲ ಒಂದೇ ಮುಖ ಕಂಡರೆ ಯಾರಾದರೂ ಏನು ತಿಳಿಯಬೇಕು? ಪಿ53 ಕ್ಯಾನ್ಸರಿಗೆ ಕಾರಣವೆಂದು ತೀರ್ಪಾಯಿತು.

ಆದರೆ ಒಂದು ಪ್ರಯೋಗಶಾಲೆಯ ಫಲಿತಾಂಶ ಇನ್ನೊಂದಕ್ಕೆ ಹೊಂದಲಿಲ್ಲ. ಲೆವಿನ್ನರ ಕೈಯಲ್ಲಿದ್ದ ಜೀನು ಕೋಶಗಳನ್ನು ಕೆಡಿಸಲೇ ಇಲ್ಲ. ಆಗ ನಡೆದದ್ದು ಶುದ್ಧ ಗ್ರಂಥಸಂಪಾದನೆ. ಪ್ರತಿಗಳನ್ನು ಅಕ್ಷರಕ್ಕಕ್ಷರ ಹೋಲಿಸಿದಾಗ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ ಇಷ್ಟೆಲ್ಲ ಗೊಂದಲಕ್ಕೆ ಸಾಕೆಂದು ತಿಳಿದುಬಂತು. ಕೋಶಗಳನ್ನು ಕೆಡಿಸಿದ್ದು ರೂಪಾಂತರಗೊಂಡ, ತಪ್ಪುಳ್ಳ ಪ್ರತಿಗಳು. ಸರಿಯಾದ ಪ್ರತಿಯನ್ನು ಸೇರಿಸಿದರೆ ಕ್ಯಾನ್ಸರಿನ ಬೆಳವಣಿಗೆ ತಡೆಯುತ್ತದೆಂದು ಲೆವಿನ್ನರ ತಂಡ 1989ರಲ್ಲಿ ತೋರಿಸಿತು. ಅದೇ ವರ್ಷ ಬಾಲ್ಟಿಮೋರಿನಲ್ಲಿ ಬರ್ಟ್ ವೋಗೆಲ್‌ಸ್ಟೈನರ ತಂಡ ದೊಡ್ಡ ಕರುಳಿನ ಗಡ್ಡೆಗಳನ್ನು ಪರೀಕ್ಷಿಸಿತು. 17ನೆಯ ವರ್ಣತಂತುವಿನ ಜೋಡಿಯಲ್ಲಿ ಈ ಜೀನಿನ ಒಂದು ಪ್ರತಿ ಕಳೆದುಹೋಗಿತ್ತು, ಉಳಿದದ್ದು ಕೆಟ್ಟಿತ್ತು.

ಈ ಕಾವಲುಗಾರನ ಕೆಲಸವಾದರೂ ಏನು? ಜೀವಕೋಶದ ಡಿ.ಎನ್.ಎ.ಗೆ ಪೆಟ್ಟಾದರೆ ಪಿ53 ಎಚ್ಚೆತ್ತು ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ, ದುರಸ್ತಿಗೆ ಕಾಲಾವಕಾಶ ಕೊಡುತ್ತದೆ. ದುರಸ್ತಿ ಸಾಧ್ಯವಿಲ್ಲವೆಂದಾದರೆ ಆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಜೀನು ಕೆಟ್ಟಿರುತ್ತದೆ.

ಇದು ವಿದ್ವಾಂಸರ ವಾಗ್ವಾದವಾಗಿ ಮುಗಿಯಲಿಲ್ಲ. ಎಳೆಯ ಮಕ್ಕಳೂ ಹರೆಯದವರೂ ಬಗೆಬಗೆಯ ಕ್ಯಾನ್ಸರಿಗೆ ತುತ್ತಾಗುತ್ತಿದ್ದ ಕೆಲವು ಕುಟುಂಬಗಳನ್ನು ಫ್ರೆಡ್ರಿಕ್ ಲೀ ಮತ್ತು ಜೋಸೆಫ್ ಫ್ರಾಮೆನಿ 1969ರಲ್ಲೇ ಗುರುತಿಸಿದ್ದರು. ಕಾರಣ ತಿಳಿಯದೆ ಇಪ್ಪತ್ತು ವರ್ಷ ಕಳೆದವು. ಪಾಠ ತಿದ್ದಿದ ಮರುವರ್ಷವೇ, 1990ರಲ್ಲಿ, ಉತ್ತರ ದೊರೆಯಿತು: ಅಂಥ ಮನೆತನಗಳಲ್ಲಿ ಈ ಜೀನಿನ ಕೆಟ್ಟ ಪ್ರತಿ ತಲೆಮಾರಿನಿಂದ ತಲೆಮಾರಿಗೆ ಹರಿದುಬರುತ್ತಿತ್ತು.

ಇನ್ನು ಔಷಧದ ಮಾತು. ಪಿ53 ನಿಜಕ್ಕೂ ಕಳ್ಳನಾಗಿದ್ದರೆ ಅದರ ಕೈಕಟ್ಟುವ ಮದ್ದು ಸಾಕಾಗುತ್ತಿತ್ತು. ಎಷ್ಟೋ ಔಷಧಗಳು ಮಾಡುವುದೂ ಅದನ್ನೇ. ಸತ್ತ ಕಾವಲುಗಾರನನ್ನು ಎಬ್ಬಿಸುವುದು ಬೇರೆಯೇ ಕೆಲಸ. ಸರಿಯಾದ ಜೀನನ್ನು ವೈರಸ್ಸಿನ ಮೇಲೆ ಹೊರಿಸಿ ಗಡ್ಡೆಗೆ ಸೇರಿಸುವ ಜೆಂಡಿಸಿನ್ ಎಂಬ ಚಿಕಿತ್ಸೆಗೆ 2003ರಲ್ಲಿ ಚೀನಾ ಒಪ್ಪಿಗೆ ಕೊಟ್ಟಿತು. ಪಿ53 ಕೆಡದಿದ್ದರೂ ಎಂಡಿಎಂ2 ಎಂಬ ಮತ್ತೊಂದು ಪ್ರೋಟೀನು ಅದನ್ನು ಅದುಮಿಟ್ಟಿರುವುದುಂಟು; ಆ ಹಿಡಿತವನ್ನು ಬಿಡಿಸುವ ನಟ್ಲಿನ್ ಎಂಬ ಅಣುಗಳು 2004ರಲ್ಲಿ ಬಂದವು. ಕೆಟ್ಟ ಪ್ರೋಟೀನನ್ನು ಮತ್ತೆ ಸರಿಯಾದ ಆಕಾರಕ್ಕೆ ತರುವ ಯತ್ನಗಳೂ ನಡೆದಿವೆ. ದಾರಿ ಇನ್ನೂ ದೂರವಿದೆ.

ಮಿತ್ರರ ಮಾತು ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದದ್ದು ಲೆವಿನ್ನರ ಹೆಸರು. 1979ರಲ್ಲಿ ಆ ಪ್ರೋಟೀನನ್ನು ಕಂಡವರಲ್ಲಿ ಅವರೂ ಒಬ್ಬರು. ಹತ್ತು ವರ್ಷದ ಬಳಿಕ ಅದರ ಪಾಠವನ್ನು ತಿದ್ದಿದವರಲ್ಲಿಯೂ ಒಬ್ಬರು. ತಾನು ಓದಿದ ಪ್ರತಿಯನ್ನು ತಾನೇ ಮತ್ತೆ ಸಂಶಯದಿಂದ ನೋಡುವುದು ಎಷ್ಟು ಕಷ್ಟವೆಂಬುದನ್ನು ಓಲೆಗರಿ ಓದುವ ನಾವೂ ಬಲ್ಲೆವು. ಅಲ್ಲಿ ತಪ್ಪು ಉಳಿದಿದ್ದರೆ ಕೆಡುತ್ತಿದ್ದುದು ಒಂದು ಪದ್ಯವಲ್ಲ, ಮನೆಮನೆಯ ಮಕ್ಕಳ ಬಾಳು.